ಬಾಯಿ ಮುಚ್ಚಿದರೆ ಬಾರದ ಮಗ್ಗಿ

ಊಟವಾದ ಮೇಲೆ ಬಾಯಿ ಮುಕ್ಕಳಿಸುವುದಕ್ಕೆ ನಾನು ಬಹಳ ಹೊತ್ತು ತೆಗೆದುಕೊಳ್ಳುತ್ತೇನೆಂದು ನನ್ನ ಹೆಂಡತಿಯ ದೂರು. ಬಚ್ಚಲ ಬಾಗಿಲಲ್ಲಿ ಕೆನ್ನೆ ಉಬ್ಬಿಸಿಕೊಂಡು ನಿಂತೆನೆಂದರೆ ಮುಗಿಯಿತು. ಅವಳು ಏನು ಕೇಳಿದರೂ ಎತ್ತಿದ ಬೆರಳೊಂದೇ ನನ್ನ ಉತ್ತರ. ಹಲ್ಲಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ ಎಂದು ಅವಳಿಗೆ ಹೇಳಿದ್ದೇನೆ. ನಿಮಗಾದರೆ ನಿಜ ಹೇಳಬಹುದು. ಬಾಯಿಗೆ ನೀರು ಬಿದ್ದ ಕೂಡಲೇ ನನ್ನ ತಲೆಯೊಳಗೆ ಹದಿನೇಳರ ಮಗ್ಗಿ ತಾನೇ ತಾನಾಗಿ ಹೊರಡುತ್ತದೆ. ಅದು ಹದಿನೇಳು ಹತ್ತಲೆ ನೂರಾ ಎಪ್ಪತ್ತು ಮುಟ್ಟುವವರೆಗೆ ಉಗುಳಲು ಧೈರ್ಯವಾಗುವುದಿಲ್ಲ. ನಡುವೆ ನಿಲ್ಲಿಸಿದರೆ ಏನಾದರೂ ಕೆಟ್ಟದ್ದಾದೀತೆಂಬ ಅಂಜಿಕೆ. ಅಂಜುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಸಂಬಳವೊಂದು ಬರುವುದಿಲ್ಲ, ಅಷ್ಟೆ.

ಇದರ ಮೂಲ ನಾಗಲದಿನ್ನೆಯಲ್ಲಿದೆ. ಮೂವತ್ತರ ದಶಕದ ಮಾತು. ಹೊಳೆಯ ದಂಡೆಯ ಆ ಊರಿನಲ್ಲಿ ನಮ್ಮ ಶಾಲೆಯೆಂದರೆ ಒಂದು ಕಂಬದ ಪಡಸಾಲೆ ಮತ್ತು ಒಬ್ಬರೇ ಅಯ್ಯೋರು. ವಿದ್ಯೆಯನ್ನು ಊರಿನವರು ಅಳೆಯುತ್ತಿದ್ದುದು ಸದ್ದಿನಿಂದ. ಶಾಲೆ ಸುಮ್ಮನಿದ್ದರೆ ಅಯ್ಯೋರು ಮಲಗಿದ್ದಾರೆಂದು ತಿಳಿಯುತ್ತಿದ್ದರು, ಬಹುಮಟ್ಟಿಗೆ ಸರಿಯಾಗಿಯೇ ತಿಳಿಯುತ್ತಿದ್ದರು. ಹಾಗಾಗಿ ಅಯ್ಯೋರು ಎಚ್ಚರವಿದ್ದಷ್ಟು ಹೊತ್ತೂ ಬೆತ್ತದಿಂದ ಕಂಬಕ್ಕೆ ಬಡಿದು, “ಒದರ್ರಲೇ! ಹೊಳಿ ಆಚಿ ನೈಜಾಮನ ಸೀಮಿಗೆ ಕೇಳಬೇಕು!” ಎನ್ನುತ್ತಿದ್ದರು. ನಾವು ಸೊಂಟ ತೂಗುತ್ತಾ, ತೊಡೆ ತಟ್ಟುತ್ತಾ ಒದರುತ್ತಿದ್ದೆವು. ನೈಜಾಮನಿಗೆ ಕೇಳಿತೋ ಇಲ್ಲವೋ, ಮಗ್ಗಿ ನಮ್ಮ ಗಂಟಲಿಗೂ ಸೊಂಟಕ್ಕೂ ಚೆನ್ನಾಗಿ ಬಂತು. ತಲೆಗೆ ಬಂದಿತ್ತೇ ಎಂದು ಯಾರೂ ಕೇಳಿರಲಿಲ್ಲ.

ಆದೋನಿಯಲ್ಲಿ ಕೇಳಿದರು. ಅಲ್ಲಿನ ಹೈಸ್ಕೂಲಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕಾಗಿತ್ತು. ನಮ್ಮೂರಿನ ಪರೀಕ್ಷಾ ಪಂಡಿತರೆಲ್ಲ, ಅಂದರೆ ಒಂದೂ ಪರೀಕ್ಷೆ ಬರೆಯದವರೆಲ್ಲ, ನನಗೆ ಬುದ್ಧಿ ಹೇಳಿ ಕಳಿಸಿದರು. ಬದನೆಕಾಯಿ ತಿಂದರೆ ಮರೆವು, ಮೊಸರು ತಿಂದರೆ ನಿದ್ದೆ, ಎಡಗಾಲಿಟ್ಟರೆ ಫೇಲು. ಮಂತ್ರಾಲಯಕ್ಕೊಂದು ಹರಕೆಯೂ ಆಯಿತು. ನಾನು ಯಾವುದನ್ನೂ ಬಿಡಲಿಲ್ಲ. ಹಸಿದ ಹೊಟ್ಟೆಯಲ್ಲಿ, ಬಲಗಾಲನ್ನೇ ನೋಡುತ್ತಾ ಪರೀಕ್ಷೆಯ ಹಾಲಿನೊಳಗೆ ಹೋದೆ. ಬಾಯಿ ಮುಚ್ಚಿಕೊಂಡಿರಬೇಕೆಂಬ ಒಂದೇ ಮಾತನ್ನು ಯಾರೂ ಹೇಳಿರಲಿಲ್ಲ.

ಮೊದಲನೇ ಲೆಕ್ಕಕ್ಕೇ ನನ್ನ ಸೊಂಟ ತೂಗಿತು, ತುಟಿ ಅಲುಗಿತು, ಸಣ್ಣಗೆ ಸ್ವರವೂ ಹೊರಟಿರಬೇಕು. ಕಾವಲಿಗಿದ್ದ ತೆಲುಗು ಮೇಷ್ಟರು ಹದ್ದಿನಂತೆ ಬಂದರು. “ಏಯ್! ಎವರಿಕಿ ಚೆಪ್ತುನ್ನಾವ್? ಪಕ್ಕದವನಿಗೆ ಹೇಳಿಕೊಡ್ತೀಯಾ?” ಎಂದು ನನ್ನನ್ನು ಎಬ್ಬಿಸಿ ಗೋಡೆಯ ಕಡೆಗೆ ಒಂಟಿಯಾಗಿ ಕೂರಿಸಿ, “ಪೆದಾಲು ಕದಲಕೂಡದು!” ಎಂದು ತಮ್ಮ ತುಟಿಗಳನ್ನೇ ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ನಾನು ತುಟಿ ಬಿಗಿದೆ. ಅಷ್ಟೇ. ಮಗ್ಗಿ ನಿಂತುಹೋಯಿತು. ಹದಿನೇಳು ಎರಡಲೆ ಎಷ್ಟು? ಒಳಗೆ ಯಾರೂ ಇರಲಿಲ್ಲ. ಬಂದದ್ದು ಬಾಯಿಗೆ ಮಾತ್ರ, ಆ ಬಾಯಿಗೇ ಬೀಗ ಬಿದ್ದಿತ್ತು. ಗಂಟೆ ಹೊಡೆಯುವವರೆಗೆ ಹಾಳೆಯ ಅಂಚಿಗೆ ಗೆರೆ ಹಾಕುತ್ತಾ ಕೂತೆ. ಗೆರೆಗಳು ಮಾತ್ರ ನೆಟ್ಟಗಿದ್ದವು.

ಫೇಲಾಗಿ ಬಂದಾಗ ಅಪ್ಪ ಬೈಯಲಿಲ್ಲ. ಅಪ್ಪನದು ಕುರಿ ಹಿಂಡು. “ಇನ್ನೊಂದು ವರ್ಷ ನೋಡಾಣು. ಆಗಲಿಲ್ಲಂದ್ರ ಕೋಲು ಹಿಡಕೊಂಡು ಬಾ. ಕುರಿ ಎಣಸಾಕ ಹದಿನೇಳರ ಮಗ್ಗಿ ಬೇಕಾಗಂಗಿಲ್ಲ,” ಎಂದ. ಕುರಿ ಕಾಯುವುದು ಕೀಳೆಂದು ನಾನು ಆಗಲೂ ತಿಳಿದಿರಲಿಲ್ಲ. ಆದರೆ ನನ್ನ ಕೈಗೆ ಒಂದು ದಿನ ಹಿಂಡು ಕೊಟ್ಟಾಗ ಸಂಜೆ ಕುರಿಗಳು ತಾವಾಗಿ ಮನೆಗೆ ಬಂದಿದ್ದವು. ನನ್ನನ್ನು ಹುಡುಕಲು ಜನ ಹೋಗಬೇಕಾಯಿತು. ನನ್ನಂಥವನಿಗೆ ಆದೋನಿಯೊಂದೇ ದಾರಿ ಎಂದು ಅಪ್ಪನಿಗಿಂತ ಕುರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷವೆಲ್ಲ ಮನೆಯಲ್ಲಿ ಒದರಿದೆ. ಫೇಲಾದವನು ಮಾಡುವುದೇ ಅದು: ಯಾವುದರಿಂದ ಫೇಲಾದನೋ ಅದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾನೆ. ಅಪ್ಪನ ಅಕ್ಕ ಈರಮ್ಮತ್ತಿ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಅರೆತಲೆನೋವು. ಒಂದು ಮಧ್ಯಾಹ್ನ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದವಳು ಎದ್ದು ಬಂದಳು.

“ಬಾಯಿ ಮುಚ್ಚಲೇ, ನಿನ್ನ ಮಗ್ಗಿಗೆ ಬೆಂಕಿ ಹಚ್ಚಾ!”

“ಬಾಯಿ ಮುಚ್ಚಿದ್ರ ಬರಂಗಿಲ್ಲತ್ತಿ.”

“ಯಾಕ ಬರಂಗಿಲ್ಲ? ನಮ್ಮ ಅತ್ತಿ ಬೈಯ್ಯುವಾಗ ನಾನು ಬಾಯಾಗ ನೀರು ತುಂಬಿಕೊಂಡು ಕುಂದರತಿದ್ದೆ. ಒಳಗ ಒಂದೊಂದು ಬೈಗಳಾ ಹೆಂಗ ಬರತಿದ್ದವು ಗೊತ್ತೈತೇನು? ಹೊರಗ ಬೈದವಳಿಗೂ ಅಂಥವು ಬರತಿದ್ದಿಲ್ಲ!”

ಹೀಗೆಂದು ತಂಬಿಗೆಯನ್ನು ನನ್ನ ಬಾಯಿಗೇ ಹಿಡಿದಳು. “ನುಂಗಿದ್ರ ನೋಡು ಮತ್ತ.” ನಾನು ಕೆನ್ನೆ ತುಂಬಿಕೊಂಡು ಕೂತೆ. ಅವಳು ಹೋಗಿ ಮಲಗಿದಳು.

ನೀವು ತಪ್ಪು ತಿಳಿಯಬಾರದು. ಈರಮ್ಮತ್ತಿಗೆ ನನ್ನ ವಿದ್ಯೆಯ ಚಿಂತೆ ಇರಲಿಲ್ಲ, ಅವಳಿಗೆ ನಿದ್ದೆ ಬೇಕಾಗಿತ್ತು. ಮೊದಮೊದಲು ಹದಿನೇಳು ಮೂರಲೆಗೆ ನೀರು ಮೂಗಿಗೆ ಏರಿ ನೆಲವೆಲ್ಲ ಸಿಡಿಯುತ್ತಿತ್ತು. “ಒರಸು. ಮತ್ತ ತುಂಬು,” ಎಂದು ಒಳಗಿನಿಂದ ಅಪ್ಪಣೆ ಬರುತ್ತಿತ್ತು. ದಿನಗಳು ಕಳೆದಂತೆ ಒಂದು ವಿಚಿತ್ರ ನಡೆಯಿತು. ಬಾಯಿ ತುಂಬಿದ್ದಾಗ ಒಳಗೆ ಯಾರೋ ಸಣ್ಣಗೆ ಶುರು ಮಾಡುತ್ತಿದ್ದರು. ಕಿವಿಗೊಟ್ಟರೆ ನಮ್ಮ ಪಡಸಾಲೆಯ ಮೇಳವೇ, ಬಹಳ ದೂರದಿಂದ, ಹೊಳೆಯ ಆಚೆಯಿಂದ ಕೇಳಿದಂತೆ.

ಎರಡನೇ ಸಲದ ಪರೀಕ್ಷೆಗೆ ನಾನು ಮೊಸರನ್ನ ಉಂಡು ಹೋದೆ. ಯಾವ ಕಾಲು ಮೊದಲು ಇಟ್ಟೆನೋ ನೆನಪಿಲ್ಲ. ಹಾಲಿನ ಮೂಲೆಯ ಮಣ್ಣಿನ ಹರವಿಯಿಂದ ನೀರು ಕುಡಿದೆ, ಕೊನೆಯ ಗುಟುಕನ್ನು ನುಂಗದೆ ಬಂದು ಕೂತೆ. ಮೊದಲನೇ ಲೆಕ್ಕ: ಒಂದು ಥಾನಿನಲ್ಲಿ ಹದಿನೇಳು ಗಜ ಬಟ್ಟೆಯಾದರೆ ಎಂಟು ಥಾನಿನಲ್ಲಿ ಎಷ್ಟು ಗಜ, ಅದರಲ್ಲಿ ಇಷ್ಟಿಷ್ಟು ಗಜದ ಅಂಗಿ ಎಷ್ಟು. ಒಳಗೆ ಮೇಳ ಹೊರಟಿತು. ಹದಿನೇಳು ಆರಲೆಗೆ ಬಂದಿದ್ದೆ. ಎದುರಿಗೆ ಎರಡು ಚಪ್ಪಲಿ ಕಂಡವು. ಹೋದ ವರ್ಷದ ಮೇಷ್ಟರೇ.

“ಪೇರೇಮಿ?” ಎಂದು ಹೆಸರು ಕೇಳಿದರು. ನಾನು ಬೆರಳೆತ್ತಿದೆ. ಅವರು ನನ್ನ ಕೆನ್ನೆ ನೋಡಿದರು. ಅವರ ಮುಖ ಅರಳಿತು, ಬೇಟೆ ಸಿಕ್ಕವನ ಹಾಗೆ. ಹುಡುಗನ ಬಾಯಲ್ಲಿ ನಕಲು ಚೀಟಿ! “ನೋರು ತೆರು! ಬಾಯಿ ತೆಗಿಯೋ!”

ನನಗಿದ್ದುದು ಎರಡೇ ದಾರಿ. ಉಗುಳಿದರೆ ಉತ್ತರದ ಹಾಳೆಯೆಲ್ಲ ಮಸಿ. ನುಂಗಿದೆ. ಗುಟಕ್ಕೆಂದು ಇಡೀ ಹಾಲಿಗೆ ಕೇಳಿತು.

“ಮಿಂಗಿನಾವಾ! ಚೀಟಿ ನುಂಗಿದ್ಯಾ?”

“ನೀಳ್ಳು ಸಾರ್... ಕುಡಿಯಾ ನೀರು.”

ಅವರು ಬಗ್ಗಿ ನನ್ನ ಬಾಯೊಳಗೆ ಎಡಕ್ಕೂ ಬಲಕ್ಕೂ ಇಣುಕಿದರು, ನಾಲಿಗೆ ಎತ್ತಿಸಿ ನೋಡಿದರು. ಹಾಲಿನಲ್ಲಿ ನಗು ಶುರುವಾಯಿತು. ಕೊನೆಗೆ ಅವರಿಗೇ ನಗು ಬಂತು. “ನೀಳ್ಳು ಅಂದ್ರ ಕುಡಿಯಾಕಪ್ಪಾ, ಮುಚ್ಚಿಡಾಕಲ್ಲ! ರಾಸ್ಕೋ, ರಾಸ್ಕೋ, ಬರಿ,” ಎಂದು ಬೆನ್ನು ತಟ್ಟಿ ಮುಂದೆ ಹೋದರು.

ನಾನು ಖಾಲಿ ಬಾಯಲ್ಲಿ ಕೂತಿದ್ದೆ. ನೀರಿನ ಜೊತೆ ಮಗ್ಗಿಯೂ ಹೊಟ್ಟೆಗೆ ಇಳಿದುಹೋಯಿತೆಂದೇ ತಿಳಿದೆ. ಅಪ್ಪನ ಕೋಲು ಕಣ್ಣಿಗೆ ಕಂಡಿತು. ಮತ್ತೆ ಹರವಿಯ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ತುಟಿ ಮುಚ್ಚಿ, ಕಣ್ಣೂ ಮುಚ್ಚಿದೆ. ಆಗ ಒಳಗೆ, ಯಾರ ಅಪ್ಪಣೆಯೂ ಇಲ್ಲದೆ, ಹದಿನೇಳು ಏಳಲೆ ನೂರಾ ಹತ್ತೊಂಬತ್ತು ಎಂದಿತು. ಹದಿನೇಳು ಎಂಟಲೆ ನೂರಾ ಮೂವತ್ತಾರು. ತುಟಿ ಅಲುಗಲಿಲ್ಲ. ಸೊಂಟ ಸ್ವಲ್ಪ ತೂಗಿರಬಹುದು. ಅದನ್ನು ಯಾರೂ ಬೇಡವೆಂದಿರಲಿಲ್ಲ.

ಪಾಸಾದ ಸುದ್ದಿ ಬಂದಾಗ ಈರಮ್ಮತ್ತಿ, “ಪುಣ್ಯ ಬಂತು. ಇನ್ನ ಒದರೋದೆಲ್ಲ ಆದೋನ್ಯಾಗೇ ಒದರ್ಲಿ,” ಎಂದು ಮಗ್ಗುಲು ಬದಲಿಸಿದಳು.

ಪರೀಕ್ಷೆಯೆಂದರೆ ಕಲಿತದ್ದನ್ನು ಕಲಿತ ಜಾಗದಿಂದ ಕಿತ್ತು ಬೇರೆ ಜಾಗದಲ್ಲಿ ನೆಡುವ ಕೆಲಸವೆಂದು ಆಮೇಲೆ ಎಷ್ಟೋ ಪರೀಕ್ಷೆ ಬರೆದು ತಿಳಿದುಕೊಂಡೆ. ಬೇರಿಗೆ ಅಂಟಿದ ಮಣ್ಣು ಒಬ್ಬೊಬ್ಬರದು ಒಂದೊಂದು. ನನ್ನದು ಸದ್ದು.

ನಾಡಿದ್ದು ನನ್ನ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳದು ಇನ್ನೊಂದು ಬಗೆ: ಪುಸ್ತಕ ಹಿಡಿದು ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ತಿರುಗುತ್ತಾಳೆ. ಕೂತರೆ ಒಂದಕ್ಷರ ಹತ್ತುವುದಿಲ್ಲವಂತೆ. ಪರೀಕ್ಷೆಯ ಹಾಲಿನಲ್ಲಿ ತಿರುಗಾಡಲು ಯಾರು ಬಿಡುತ್ತಾರೆ? ಒಂದು ವಾರದಿಂದ ಇದೇ ನನ್ನ ಎದೆಯಲ್ಲಿ ಕಲ್ಲಾಗಿತ್ತು. ಕೂತು ಓದುವುದನ್ನೂ ಕಲಿ ಎಂದು ಈ ಬೆಳಿಗ್ಗೆ ಹೇಳಿಯೇಬಿಡೋಣವೆಂದು ಎದ್ದು ಹೋದೆ. ಅವಳು ತುಟಿ ಅಲುಗಿಸದೆ, ಅರೆಗಣ್ಣು ಮುಚ್ಚಿ, ಸರಸರ ನಡೆಯುತ್ತಿದ್ದಳು. ಅವಳ ಒಳಗೂ ಯಾವುದೋ ಮೇಳ ಹೊರಟಿದ್ದಂತಿತ್ತು.

“ಏನಪ್ಪಾ?” ಎಂದಳು, ನಿಲ್ಲದೆಯೇ.

“ಏನಿಲ್ಲ ತಾಯಿ,” ಎಂದೆ. ಅವಳ ದಾರಿಗೆ ಅಡ್ಡವಾಗಿದ್ದ ಬೆಂಚನ್ನು ಎತ್ತಿ ಗೋಡೆಗೆ ಸರಿಸಿ ಬಂದೆ.