ಮಾದೇವಿ ಹೊತ್ತು ತಂದ ಫೋಟೋ

೧೯೭೩ರ ಏಪ್ರಿಲ್ ತಿಂಗಳು. ನನಗೆ ಇಪ್ಪತ್ತಮೂರು ವರ್ಷ. ಕೊಳ್ಳೇಗಾಲದ ನಮ್ಮ ಮನೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಹನೂರಿನ ಹತ್ತಿರದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಪಾಠ ಹೇಳಲು ಹೋಗುತ್ತಿದ್ದೆ. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರ ಮೊಮ್ಮಕ್ಕಳೆಲ್ಲ ಈಗ ಓದು ಬರಹ ಕಲಿತಿದ್ದಾರೆ. ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಇನ್ನೊಂದೆರಡು ವರ್ಷ ಕೊಟ್ಟರೆ ಊರನ್ನೇ ತಿದ್ದಿಬಿಡುತ್ತೇನೆ ಎಂದುಕೊಂಡಿದ್ದ ಕಾಲ ಅದು.

ಆ ತಿಂಗಳ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿ. ನಮ್ಮ ಪುಸ್ತಕದಲ್ಲಿ ಸಂವಿಧಾನದ ಪಾಠವಿತ್ತು. ಅದನ್ನು ಬರೆಯಲು ಮುಂದೆ ನಿಂತ ಅವರ ಬಗ್ಗೆ ನಾಲ್ಕೇ ಸಾಲು ಇತ್ತು. ಆ ದಿನವಾದರೂ ಮಕ್ಕಳಿಗೆ ಅವರು ಯಾರು, ಏನು ಮಾಡಿದರು ಎಂದು ಸರಿಯಾಗಿ ಹೇಳಬೇಕು ಅನ್ನಿಸಿತು. ಹೆಡ್ ಮೇಷ್ಟ್ರ ಹತ್ತಿರ ಹೋದೆ.

"ಸಾರ್, ಹದಿನಾಲ್ಕಕ್ಕೆ ನಮಗೆ ರಜಾನಾ?"

"ರಜಾ ಅಂತ ಸುತ್ತೋಲೆ ಬಂದಿಲ್ಲ."

"ಹಾಗಾದ್ರೆ ಸ್ಕೂಲ್ ಇದೆ ಅಂತಾಯ್ತು."

"ಇದೆ ಅಂತಲೂ ಬಂದಿಲ್ಲವಲ್ಲಮ್ಮ."

ಅವರು ಕೆಟ್ಟವರಲ್ಲ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು, ಅಷ್ಟನ್ನು ಯಾರ ಬಾಯಿಗೂ ಬೀಳದೆ ಕಳೆಯಬೇಕು ಎಂದು ಹೊರಟಿದ್ದರು, ಅಷ್ಟೇ. ಎರಡು ದಿನ ಯೋಚನೆ ಮಾಡಿ, "ಬೆಳಿಗ್ಗೆ ಫೋಟೋ ಇಟ್ಟು ಕಾಯಿ ಒಡೆಯೋಣ. ನೀವು ನಾಲ್ಕು ಮಾತಾಡಿ. ಹಾಜರಿ ಹಾಕಿ ಕಳಿಸಿಬಿಡೋಣ. ಸ್ಕೂಲೂ ಆಯ್ತು, ರಜಾನೂ ಆಯ್ತು" ಎಂದರು. ಮಹಾ ನ್ಯಾಯ ತೀರ್ಮಾನ ಮಾಡಿದವರ ಹಾಗೆ ನಶ್ಯದ ಡಬ್ಬಿ ತೆಗೆದರು.

ಮಕ್ಕಳಿಗೆ ಹೇಳಿದೆ. ಜಯಂತಿ ಎಂದರೆ ಅವರ ಲೆಕ್ಕದಲ್ಲಿ ಪೂಜೆ, ಪೂಜೆ ಎಂದರೆ ಕಡಲೆ, ಪುರಿ, ಬೆಲ್ಲ, ಕಾಯಿಚೂರು ಕಲಸಿದ ಚರುಪು. ಚರುಪಿಗೆ ಯಾರು ಏನು ತರಬೇಕು ಎಂದು ಆಗಲೇ ಜಗಳ ಶುರುವಾಯಿತು. ಒಬ್ಬ ಹುಡುಗ ಎದ್ದು ನಿಂತ.

"ಅವ್ರೇನ್ ದ್ಯಾವ್ರಾ ಟೀಚರ್?"

"ಅಲ್ಲ, ನಮ್ಮ ಹಾಗೆ ಮನುಷ್ಯರು."

"ಮತ್ಯಾಕೆ ಕಾಯಿ ಒಡಿಯದು?"

ಅದನ್ನು ಹೆಡ್ ಮೇಷ್ಟ್ರನ್ನು ಕೇಳು ಎಂದು ಹೇಳಿ ಕೂರಿಸಿದೆ. ಆಮೇಲೆ ಬಾಬಾಸಾಹೇಬರು ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋದಾಗ ಮನೆಯಿಂದ ಗೋಣಿ ಚೀಲ ತಂದು ಅದರ ಮೇಲೆ ಬೇರೆಯಾಗಿ ಕೂರಬೇಕಾಗಿತ್ತು, ಬಾಯಾರಿದರೆ ಜವಾನ ಬಂದು ಎತ್ತರದಿಂದ ನೀರು ಹುಯ್ಯಬೇಕಾಗಿತ್ತು, ಜವಾನ ಬರದ ದಿನ ನೀರೇ ಇರುತ್ತಿರಲಿಲ್ಲ ಎಂದೆಲ್ಲ ಹೇಳಿದೆ. ಮಕ್ಕಳಿಗೆ ಅಯ್ಯೋ ಅನ್ನಿಸಲಿ ಎಂದು ಕಾದೆ. ಯಾರಿಗೂ ಏನೂ ಅನ್ನಿಸಲಿಲ್ಲ. ಮುಂದಿನ ಸಾಲಿನ ಹುಡುಗಿ, "ನಮ್ ಸ್ಕೂಲ್ನಲ್ಲೂ ಅಂಗೇ ಅಲ್ವಾ ಟೀಚರ್, ಕೇರಿಯೋರ್ಗೆ ನಾವೇ ಎತ್ತಿ ಉಯ್ಯದು" ಎಂದಳು. ಎರಡು ವರ್ಷದಿಂದ ದಿನಾ ಕಣ್ಣೆದುರಿಗೆ ನಡೆಯುತ್ತಿದ್ದದ್ದು, ನನಗೆ ಆವತ್ತು ಕಂಡಿತು. ಇನ್ನು ಮುಂದೆ ಎಲ್ಲರೂ ಹಂಡೆಯಿಂದ ತಾವೇ ನೀರು ತೆಗೆದುಕೊಳ್ಳಬೇಕು ಎಂದು ಅಪ್ಪಣೆ ಮಾಡಿದೆ. ಮರುದಿನ ಅರ್ಧ ಮಕ್ಕಳು ಮನೆಯಿಂದ ನೀರು ತಂದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಫೋಟೋದ್ದು ಇನ್ನೊಂದು ರಾಮಾಯಣ. ಸ್ಕೂಲಿನಲ್ಲಿ ಸರಸ್ವತಿ ಇದ್ದಳು, ಗಾಂಧಿ ಇದ್ದರು, ಇವರಿರಲಿಲ್ಲ. ಊರಿಗೆಲ್ಲ ಒಂದೇ ಫೋಟೋ ಇದ್ದದ್ದು ಕೇರಿಯ ನಂಜಯ್ಯನ ಮನೆಯಲ್ಲಿ. ಅವನ ಮಗಳು ಮಾದೇವಿ ನಮ್ಮಲ್ಲೇ ಏಳನೇ ತರಗತಿ ಓದಿ ಪರೀಕ್ಷೆ ಮುಗಿಸಿದ್ದಳು. ಕೇರಿಯಿಂದ ಅಷ್ಟು ಓದಿದ ಮೊದಲ ಹುಡುಗಿ ಅವಳೇ. ಜೂನ್‌ನಲ್ಲಿ ಹನೂರಿನ ಹೈಸ್ಕೂಲಿಗೆ ಕಳಿಸು ಎಂದು ನಂಜಯ್ಯನಿಗೆ ನಾನು ಆರು ತಿಂಗಳು ಕಾಟ ಕೊಟ್ಟು ಒಪ್ಪಿಸಿದ್ದೆ. ಅವನು ಊರಿನ ದೊಡ್ಡ ಜಮೀನ್ದಾರ ಶಿವಮಲ್ಲಪ್ಪನವರ ಹೊಲದಲ್ಲಿ ದುಡಿಯುತ್ತಿದ್ದ. "ನಮ್ ಬುದ್ದಿಯೋರು ಏನೂ ಅನ್ದಿದ್ರೆ ಕಳಿಸ್ತೀನಿ ಕಣವ್ವ" ಎನ್ನುವುದು ಅವನ ಕೊನೆಯ ಮಾತಾಗಿತ್ತು.

ಫೋಟೋ ತರುತ್ತೇನೆ ಎಂದು ಮಾದೇವಿಯೇ ಹೇಳಿದಳು. ಕೇರಿಯಿಂದ ಸ್ಕೂಲಿಗೆ ಹೊಲದ ಬದುವಿನ ಮೇಲೆ ಒಂದು ಹಿಂದಾರಿ ಇತ್ತು, ಕೇರಿಯ ಮಕ್ಕಳೆಲ್ಲ ಅದರಲ್ಲೇ ಬರುತ್ತಿದ್ದರು. "ಅವತ್ತು ಹಿಂದಾರಿಯಲ್ಲಿ ಬರಬೇಡ, ಊರ ಬೀದಿಯಲ್ಲೇ ಬಾ. ಬಸ್ ಸ್ಟಾಪಿನ ಹತ್ತಿರ ನಾನೂ ಸೇರ್ಕೋತೀನಿ" ಎಂದೆ. ಅವಳು ನನ್ನ ಮುಖ ನೋಡಿ ಆಗಲಿ ಎಂದು ತಲೆ ಆಡಿಸಿದಳು. ಇದು ನನ್ನ ಬುದ್ಧಿವಂತಿಕೆ, ಬೇರೆ ಯಾರದೂ ಅಲ್ಲ.

ಹದಿನಾಲ್ಕರ ಬೆಳಿಗ್ಗೆ ಬಸ್ಸಿಳಿದರೆ ಮಾದೇವಿ ಕಾಯುತ್ತಿದ್ದಳು. ತಲೆ ಮೇಲೆ ಮಡಿಸಿದ ಟವೆಲು, ಅದರ ಮೇಲೆ ಫೋಟೋ, ಫೋಟೋಗೆ ಕನಕಾಂಬರದ ಹಾರ. ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿತ್ತು, ಕಾಲು ಬರಿಗಾಲು. ಹಿಂದೆ ಕಾಯಿ, ಊದುಬತ್ತಿ ಹಿಡಿದ ಇಬ್ಬರು ಚಿಕ್ಕವರು. ನಾವು ನಾಲ್ವರೂ ಬೀದಿ ಹಿಡಿದೆವು.

ನಮ್ಮ ಕಡೆ ಒಂದು ಪದ್ಧತಿ ಇದೆ. ದೇವರನ್ನು ಹೊತ್ತು ಬೀದಿಯಲ್ಲಿ ಬಂದರೆ ಮನೆಯವರು ಬಾಗಿಲಲ್ಲಿ ನಿಲ್ಲಿಸಿ, ಹೊತ್ತವರ ಕಾಲಿಗೆ ಒಂದು ಚೊಂಬು ನೀರು ಹುಯ್ದು ಆಮೇಲೆ ಕೈಮುಗಿಯುತ್ತಾರೆ. ಶಿವಮಲ್ಲಪ್ಪನವರ ತಾಯಿ ದೊಡ್ಡವ್ವ ಜಗುಲಿಯಲ್ಲಿ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣಿಗೆ ಪೊರೆ ಬಂದಿತ್ತು. ಹಾರ, ಊದುಬತ್ತಿಯ ವಾಸನೆ, ತಲೆ ಮೇಲೆ ಹೊತ್ತ ಹೆಣ್ಣುಮಗು ಇಷ್ಟು ಗೊತ್ತಾಯಿತು ಅವರಿಗೆ.

"ನಿಂತ್ಕವ್ವ, ನಿಂತ್ಕ, ಅಂಗೇ ಓಗ್ಬ್ಯಾಡ" ಎಂದು ಒಳಗೆ ಹೋದವರು ಚೊಂಬು ತುಂಬ ನೀರು ತಂದರು. ಬಗ್ಗಲಾರದೆ ಬಗ್ಗಿ ಮಾದೇವಿಯ ಕಾಲಿಗೆ ನೀರು ಹುಯ್ದರು. ಕೈ ಮೇಲೆತ್ತಿ ಗಾಜು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಾದೇವಿ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

ನಾನು ಆಗಲೇ ಹೇಳಬಹುದಾಗಿತ್ತು. ಅವ್ವಾ, ಇದು ದೇವರಲ್ಲ, ಇವಳು ನಂಜಯ್ಯನ ಮಗಳು ಎಂದು ಒಂದು ಮಾತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ. ಎರಡು ವರ್ಷದ ಪಾಠ ಎರಡು ನಿಮಿಷದಲ್ಲಿ ಆಗಿಹೋಯಿತು ಎಂದು ಬೀಗಿಕೊಂಡು ಮುಂದೆ ನಡೆದೆ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಇಬ್ಬರು ಹೆಂಗಸರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು ಎನ್ನುವುದನ್ನು ನಾನು ಗಮನಿಸಲಿಲ್ಲ.

ಸ್ಕೂಲಿನಲ್ಲಿ ಕಾಯಿ ಒಡೆದೆವು. ನಾನು ನಾಲ್ಕು ಮಾತು ಎಂದು ಎದ್ದವಳು ಅರ್ಧ ಗಂಟೆ ಮಾತಾಡಿದೆ. ಮಾಡದ ತಪ್ಪಿಗೆ ಯಾರ ಮುಂದೂ ತಲೆ ತಗ್ಗಿಸಬೇಡಿ, ಅವರು ನಮಗೆ ಕೊಟ್ಟುಹೋದದ್ದು ಅದೇ ಎಂದೆ. ಮಕ್ಕಳ ಕಣ್ಣೆಲ್ಲ ಚರುಪಿನ ತಟ್ಟೆಯ ಮೇಲಿತ್ತು. ಮಾದೇವಿ ಒಬ್ಬಳೇ ಕೇಳಿಸಿಕೊಳ್ಳುತ್ತಿದ್ದಳು.

ಚರುಪು ಹಂಚುವ ಹೊತ್ತಿಗೆ ಶಿವಮಲ್ಲಪ್ಪನವರು ಬಂದರು. ಹಿಂದೆ ಐದಾರು ಜನ, ಅವರ ಹಿಂದೆ ಹೊಲದಿಂದ ಎಳೆದುಕೊಂಡು ಬಂದ ಹಾಗೆ ನಂಜಯ್ಯ.

"ಏನ್ ಸಾ ಇದು? ನಮ್ಮವ್ವನ ಕೈಲಿ ಇವ್ನ ಮಗಳ ಕಾಲ್ಗೆ ನೀರ್ ಉಯ್ಸವ್ರಲ್ಲ ನಿಮ್ ಟೀಚ್ರು. ಸ್ಕೂಲ್ನಲ್ಲಿ ಇದೇ ಕಲ್ಸದಾ?"

ಹೆಡ್ ಮೇಷ್ಟ್ರು ನನ್ನ ಕಡೆ ನೋಡಿದರು. ಅವರಾಗಿಯೇ ನೀರು ಹಾಕಿದರು, ಯಾರೂ ಕೇಳಲಿಲ್ಲ ಎಂದೆ.

"ಕಣ್ ಕಾಣದ ಮುದ್ಕಿ. ಹಾಕ್ಬ್ಯಾಡಿ ಅಂತ ಇವ್ಳಿಗೆ ಬಾಯಿರ್ನಿಲ್ವಾ? ಬಂದು ಅವ್ವನ ಕಾಲಿಗ್ ಬಿದ್ದು ತಪ್ಪಾಯ್ತು ಅನ್ಲಿ. ಇಲ್ಲಾಂದ್ರೆ ನಾಳಿಂದ ನಮ್ ಮಕ್ಳು ಒಬ್ರೂ ಸ್ಕೂಲಿಗ್ ಬರಕಿಲ್ಲ. ಲೇ ನಂಜಯ್ಯ, ನೀನೂ ನಾಳಿಂದ ಬರ್ಬ್ಯಾಡ."

ನಾನು ಜಗಳಕ್ಕೆ ನಿಂತೆ. ಏನೇನೋ ಹೇಳಿದೆ, ಕಾನೂನು ಎಂದೆ, ಪೊಲೀಸ್ ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆಡ್ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ಒಂದು ತಪ್ಪಾಯ್ತು ಅಂದ್ರೆ ಮುಗೀತಲ್ಲಮ್ಮ. ನಿಮಗೇನು, ಸಾಯಂಕಾಲ ಬಸ್ಸು ಹತ್ತಿ ಹೋಗ್ತೀರ. ಅವನು ಇಲ್ಲೇ ಬದುಕಬೇಕು" ಎಂದರು. ನಂಜಯ್ಯ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು, "ಅಂದ್ಬುಡು ಮಗ" ಎನ್ನುತ್ತಿದ್ದ. ಮಾದೇವಿ ಅಪ್ಪನ ಮಾತಿಗೆ ಅಲುಗಾಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಎಲ್ಲರ ಮೇಲೂ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಹನೂರಿನ ಹೈಸ್ಕೂಲು, ಆರು ತಿಂಗಳ ನನ್ನ ಕಾಟ, ಎಲ್ಲ ನೀರುಪಾಲಾಗುತ್ತದಲ್ಲ ಅನ್ನಿಸಿತು. ಅವಳ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟೆ.

"ಒಂದು ಮಾತು ಹೇಳ್ಬಿಡು ಮಾದೇವಿ. ಹೈಸ್ಕೂಲಿಗೆ ಹೋಗಬೇಕಲ್ಲ ನೀನು."

"ಏನ್ ತಪ್ಪು ಅಂತ ಏಳ್ಲಿ ಟೀಚರ್?"

ಅವಳು ಎದುರು ಮಾತಾಡಿದ್ದಲ್ಲ. ನಿಜವಾಗಿಯೂ ಕೇಳಿದಳು. ಏನು ಹೇಳಬೇಕೋ ಅದನ್ನು ನಾನು ಹೇಳಿಕೊಟ್ಟರೆ ಹಾಗೇ ಹೇಳಲು ತಯಾರಾಗಿದ್ದಳು. ಅರ್ಧ ಗಂಟೆಯ ಹಿಂದೆ ಅಷ್ಟು ಮಾತಾಡಿದ್ದ ನಾನು, "ಸುಮ್ನೆ ಕಾಲಿಗೆ ಬಿದ್ದು ತಪ್ಪಾಯ್ತು ಅಂತ ಅನ್ನು" ಎಂದೆ.

ಎಲ್ಲರೂ ಶಿವಮಲ್ಲಪ್ಪನವರ ಮನೆ ಮುಂದೆ ಹೋದೆವು. ದೊಡ್ಡವ್ವ ಜಗುಲಿಯಲ್ಲೇ ಇದ್ದರು. ಮಗ ಜೋರಾಗಿ ಎಲ್ಲವನ್ನೂ ಹೇಳಿದರು. ಯಾರ ಮಗಳು, ಯಾವ ಕೇರಿ, ಏನಾಯಿತು ಎಲ್ಲ. ದೊಡ್ಡವ್ವನ ಮುಖ ಗಂಟಿಕ್ಕಿತು. ಅವರಿಗೆ ಸಂತೋಷವಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಸ್ವಲ್ಪ ಹೊತ್ತು ತಮ್ಮ ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಳ್ಳುತ್ತಾ ಕೂತಿದ್ದರು. ಮಾದೇವಿ ಅಂಗಳಕ್ಕೆ ಕಾಲಿಟ್ಟು ಮಂಡಿ ಊರಲು ಬಗ್ಗಿದಳು.

"ಏಯ್, ಬೀಳ್ಬ್ಯಾಡ" ಎಂದರು ದೊಡ್ಡವ್ವ.

"ಯಾಕವ್ವ?" ಎಂದರು ಮಗ.

"ದ್ಯಾವ್ರು ಅಂತ ನೀರ್ ಉಯ್ದಿವ್ನಿ ಕಣ್ಲಾ ಆ ಕಾಲ್ಗೆ. ದ್ಯಾವ್ರ ಒತ್ತೋರ ಕಾಲು ಆವಾಗ ದ್ಯಾವ್ರ ಕಾಲೇಯ. ಈಗ ಅವ್ಳನ್ನ ನನ್ ಕಾಲಿಗ್ ಬೀಳಿಸ್ಕಂಡ್ರೆ ಆ ಪಾಪ ನೀನ್ ತಕತ್ತೀಯಾ?"

"ಅದು ದ್ಯಾವ್ರಲ್ಲ ಕಣವ್ವ, ಫೋಟೋ."

"ನಾನ್ ಕೈ ಮುಗ್ದಾಯ್ತು. ಉಯ್ದ ನೀರ ಎತ್ಕಳಕ್ಕಾದದಾ? ಓಗಿ, ಎಲ್ಲ ಓಗಿ, ಬಿಸ್ಲು ಏರ್ತಾ ಅದೆ." ಮಾದೇವಿ ನಿಂತಿದ್ದ ಕಡೆ ಮುಖ ಮಾಡಿ, "ನೀನೂ ಓಗವ್ವ. ಇನ್ನೊಂದ್ಸಲ ಈ ಬೀದೀಲಿ ಬರಾಗ ಏನ್ ಒತ್ಕಂಡಿದ್ದೀಯ ಅಂತ ಏಳು" ಎಂದರು.

ಅಷ್ಟೇ. ತಾಯಿಯ ಮಾತಿನ ಮೇಲೆ ಮಾತಾಡಲು ಶಿವಮಲ್ಲಪ್ಪನವರಿಗೆ ಆಗಲಿಲ್ಲ. ಗೊಣಗಿಕೊಂಡು ಒಳಗೆ ಹೋದರು. ನಂಜಯ್ಯ ಮಾರನೆಯ ದಿನ ಕೆಲಸಕ್ಕೆ ಹೋದ, ಯಾರೂ ಬೇಡ ಎನ್ನಲಿಲ್ಲ. ನನ್ನ ಪಾಠ, ನನ್ನ ಕಾನೂನು, ನನ್ನ ಪೊಲೀಸ್ ಯಾವುದೂ ಮಾಡದ ಕೆಲಸವನ್ನು ಒಬ್ಬ ಮುದುಕಿಯ ಮಡಿ, ಪಾಪದ ಭಯ ಮಾಡಿತ್ತು. ಇದನ್ನು ನೆನೆದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಇವತ್ತಿಗೂ ತಿಳಿಯುವುದಿಲ್ಲ.

ಸ್ಕೂಲಿಗೆ ವಾಪಸು ಬಂದೆವು. ಮಾದೇವಿ ಹಾರ ತೆಗೆದು, ಗಾಜಿನ ಮೇಲಿನ ಕುಂಕುಮ ಒರೆಸಿ, ಫೋಟೋವನ್ನು ಟವೆಲ್ಲಿನಲ್ಲಿ ಸುತ್ತುತ್ತಿದ್ದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು.

"ಸದ್ಯ, ಬಚಾವಾದ್ವಿ ಕಣೆ" ಎಂದೆ.

ಅವಳು ತಲೆ ಎತ್ತಲಿಲ್ಲ. ಟವೆಲ್ಲಿನ ತುದಿ ಗಂಟು ಹಾಕುತ್ತಾ, "ಅವ್ವ ಬೀಳ್ಬ್ಯಾಡ ಅಂದ್ರು ಟೀಚರ್. ನೀವು ಬೀಳು ಅಂದ್ರಿ" ಎಂದಳು.

ಸಿಟ್ಟಿನಿಂದ ಹೇಳಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆ. ನಾನು ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎನ್ನುತ್ತಿದ್ದೆ. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಫೋಟೋ ಎತ್ತಿಕೊಂಡು ಹೋದಳು. ಚರುಪು ಎಲ್ಲ ಖಾಲಿಯಾಗಿತ್ತು, ಅವಳಿಗೆ ಎತ್ತಿಡಬೇಕೆಂದೂ ನನಗೆ ನೆನಪಾಗಿರಲಿಲ್ಲ.

ಜೂನ್‌ನಲ್ಲಿ ಮಾದೇವಿ ಹನೂರಿನ ಹೈಸ್ಕೂಲಿಗೆ ಸೇರಿದಳು. ಟಿ.ಸಿ. ತೆಗೆದುಕೊಳ್ಳಲು ಬಂದಾಗ ನಮಸ್ಕಾರ ಮಾಡಿ ಹೋದಳು, ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುಂದೆ ಅವಳು ನರ್ಸ್ ಟ್ರೇನಿಂಗಿಗೆ ಹೋದಳು ಎಂದು ಕೇಳಿದೆ, ಅಷ್ಟು ಹೊತ್ತಿಗೆ ನನಗೆ ಯಳಂದೂರಿಗೆ ವರ್ಗವಾಗಿತ್ತು.

ಆಮೇಲೆ ಎಷ್ಟೋ ವರ್ಷ ಏಪ್ರಿಲ್ ಬಂದಾಗಲೆಲ್ಲ ಮಕ್ಕಳಿಗೆ ಬಾಬಾಸಾಹೇಬರ ಕಥೆ ಹೇಳಿದ್ದೇನೆ. ಗೋಣಿ ಚೀಲದ್ದು ಹೇಳುತ್ತಿದ್ದೆ, ನೀರಿನದ್ದು ಹೇಳುತ್ತಿದ್ದೆ. ಕೊನೆಯಲ್ಲಿ ಒಬ್ಬ ಹುಡುಗಿ ಫೋಟೋ ಹೊತ್ತು ತಂದದ್ದನ್ನೂ, ಬೆಳಿಗ್ಗೆ ತಲೆ ತಗ್ಗಿಸಬೇಡ ಎಂದು ಪಾಠ ಮಾಡಿದ ಟೀಚರೇ ಮಧ್ಯಾಹ್ನದೊಳಗೆ ಅವಳಿಗೆ ಕಾಲಿಗೆ ಬೀಳು ಎಂದದ್ದನ್ನೂ ಹೇಳುತ್ತಿದ್ದೆ. ಮಕ್ಕಳಿಗೆ ಆ ಟೀಚರ್ ಮೇಲೆ ಬಹಳ ಸಿಟ್ಟು ಬರುತ್ತಿತ್ತು. ಅವಳು ಯಾರು, ಯಾವ ಊರಿನವಳು ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎನ್ನುತ್ತಿದ್ದೆ. ನಾನೇ ಎಂದು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.