ತಲೆಗೂ ಹೊಟ್ಟೆಗೂ ಎಣ್ಣೆ

ಇವತ್ತು ಬೆಳಿಗ್ಗೆ ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಎದ್ದ ಘಾಟಿಗೆ ರಿಪೇರಿ ಅಣ್ಣ ನೆನಪಾದ. ಹೊಳೆನರಸೀಪುರದಲ್ಲಿ ಅವನದೊಂದು ಚಿಕ್ಕ ಅಂಗಡಿ. ಮರ ಕುಯ್ಯುವ ಮಿಷಿನ್ ಕೆಟ್ಟರೆ ಹಳ್ಳಿಮೈಸೂರು ಕಡೆಯ ನಾವೆಲ್ಲ ಅಲ್ಲಿಗೇ ಓಡುತ್ತಿದ್ದೆವು. ಬಾಯಿ ಜೋರು, ಕೈ ಮಾತ್ರ ಬಲು ಮೆದು...

ನಾನಾಗ ಯಾರೋ ಬಳಸಿದ್ದ ಮಿಷಿನ್ ಕೊಂಡು ಮೂರು ವಾರವೂ ಆಗಿರಲಿಲ್ಲ. ನಮ್ಮೂರಲ್ಲಿ ಮಿಷಿನ್ ಇರುವವನು ನಾನೊಬ್ಬನೇ ಎಂಬ ಹಮ್ಮು ಬೇರೆ. ಒಂದು ಮಧ್ಯಾಹ್ನ ಬಿರುಗಾಳಿಗೆ ಪಕ್ಕದ ಮನೆ ಅಕ್ಕನ ಕೊಟ್ಟಿಗೆ ಮೇಲೆ ಮಾವಿನ ಮರ ಉರುಳಿತು. ತುಂಬು ಗಬ್ಬದ ಹಸು ಕೊಂಬೆಯಡಿ ಸಿಕ್ಕಿಕೊಂಡು ನರಳುತ್ತಿತ್ತು. ಓಣಿಗೆ ಜೆಸಿಬಿ ನುಗ್ಗುವಂತಿರಲಿಲ್ಲ. ಮಿಷಿನ್ ಮಾರಿದವನು ತುಂಬಿಕೊಟ್ಟಿದ್ದ ಪೆಟ್ರೋಲ್ ಕ್ಯಾನು ಬರಿದಾಗಿತ್ತು. ಬೈಕಿನಿಂದ ಪೆಟ್ರೋಲ್ ಇಳಿಸಿ ತುಂಬಿ ಕುಯ್ಯತೊಡಗಿದೆ. ಕೊಂಬೆ ಅರ್ಧಕ್ಕೆ ಬರುವಷ್ಟರಲ್ಲಿ ಮಿಷಿನ್ ಕಿರುಗುಟ್ಟಿ ನಿಂತಿತು. ಹಗ್ಗ ಎಳೆದರೆ ಕದಲಲೇ ಇಲ್ಲ.

ಬೈಕಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಮಿಷಿನ್ ಹೇರಿಕೊಂಡು ಅಂಗಡಿಗೆ ಹಾರಿದೆ. ಅಣ್ಣ ಸೈಲೆನ್ಸರ್ ಬಿಚ್ಚಿ ಇಣುಕಿದ. ಪಿಸ್ಟನ್ ಮೈತುಂಬ ಗೀರು.

"ಎಣ್ಣೆ ಹಾಕಿದ್ಯೇನ್ಲಾ?"

"ತುಂಬ ಹಾಕಿವ್ನಿ ಕಣಣ್ಣ."

ಅವನು ನಂಬಿದ. ಮೂಲೆಯ ಹಳೇ ಮಿಷಿನ್ನಿನ ಪಿಸ್ಟನ್ ತೆಗೆದಿಟ್ಟು, ನನ್ನ ಸಿಲಿಂಡರಿಗೆ ಕರಗಿ ಮೆತ್ತಿದ್ದ ಪಿಸ್ಟನ್ನಿನ ಲೋಹವನ್ನು ಎಮರಿ ಕಾಗದದಿಂದ ಉಜ್ಜತೊಡಗಿದ. ಅಕ್ಕನ ಫೋನು ಬರುತ್ತಲೇ ಇತ್ತು. ಬೇಗ ಬೇಗ ಅಂತ ನಾನು ಅವನ ಪ್ರಾಣ ತಿಂದೆ. ತಾಳಿದವನು ಬಾಳಿಯಾನು ಅಂದ. ತಾಳಬೇಕಾದ್ದು ನಾನಲ್ಲ, ಹಸು, ಅಂತ ರೇಗಿದೆ.

ಎಲ್ಲ ಜೋಡಿಸಿ ಇನ್ನೇನು ಹಗ್ಗ ಎಳೆಯಬೇಕು, ಕೈ ತಡೆದ. ಪೆಟ್ರೋಲ್ ಟ್ಯಾಂಕಿಗೆ ಬೆರಳದ್ದಿ ಮೂಸಿದ. ಬೆರಳು ಜಿಡ್ಡಿಲ್ಲದೆ ಒಣಗಿತು. ಎಣ್ಣೆ ಎಲ್ಲಿಗೆ ಹಾಕಿದೆ ಅಂತ ಕೇಳಿದ. ನಾನು ಚೈನಿಗೆ ಹೋಗುವ ಎಣ್ಣೆಯ ಮುಚ್ಚಳ ತೋರಿಸಿದೆ. ಪೆಟ್ರೋಲಿಗೂ ಬೇರೆ ಎಣ್ಣೆ ಬೆರೆಸಬೇಕು, ಮಾರಿದವನ ಕ್ಯಾನಿನಲ್ಲಿ ಅದು ಬೆರೆತೇ ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ತಲೆಗೆ ಎಣ್ಣೆ ಹಚ್ಬುಟ್ಟು ಹೊಟ್ಟೆ ಒಣಗ್ಸಿದ್ದೀಯಲ್ಲೋ," ಅಂದ.

ಟ್ಯಾಂಕು ಬರಿದು ಮಾಡಿ, ಎಣ್ಣೆ ಬೆರೆಸಿದ ಪೆಟ್ರೋಲ್ ತುಂಬಿದ. ಮೊಳೆಯಿಂದ ಎರಡು ಮುಚ್ಚಳಗಳ ಮೇಲೂ ಗೀಚಿದ: ಚೈನಿನ ಎಣ್ಣೆಯದಕ್ಕೆ ತಲೆ, ಪೆಟ್ರೋಲಿನದಕ್ಕೆ ಹೊಟ್ಟೆ. ಆಮೇಲೆ ಮಿಷಿನನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ನನ್ನ ಬೈಕ್ ಹತ್ತಿದ.

ಕೊಂಬೆ ಕುಯ್ದು ಸರಿಸಿದಾಗ ಹಸುವಿಗೆ ಜೀವವಿತ್ತು. ಆದರೆ ಸಂಜೆಯೊಳಗೆ ಕಂದು ಹಾಕಿತು. ಉಸಿರಿಲ್ಲದ ಹೆಣ್ಣುಗರು... ಅಕ್ಕ ಸೆರಗಿನಿಂದ ಅದರ ಮೂತಿ ಒರೆಸುತ್ತ, ಮಿಷಿನ್ ಯಾಕೆ ನಿಂತಿತು ಅಂತ ನನ್ನನ್ನೇ ಕೇಳಿದಳು. ನಾನು ಬಗ್ಗಿ ಮಿಷಿನ್ನಿಗೆ ಮೆತ್ತಿದ್ದ ಮರದ ಪುಡಿ ಒರೆಸತೊಡಗಿದೆ.

"ಹಳೇ ಮಿಷಿನ್ ಕಣವ್ವ. ಇವ್ನದೇನ್ ತಪ್ಪಿಲ್ಲ," ಅಂದ ಅಣ್ಣ.

ಅಂದಿನಿಂದ ಅಂಗಡಿಗೆ ಹೋದಾಗಲೆಲ್ಲ, ಎರಡಕ್ಕೂ ಹಾಕಿದ್ದೀಯಾ ಅಂತ ಕೇಳುತ್ತಿದ್ದ. ಯಾರ ಎದುರಿಗೂ ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಹೋದ ವರ್ಷ ಎದೆನೋವು ಅಂತ ಹಾಸನದ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ನನ್ನ ತಪ್ಪು ಗೊತ್ತಿದ್ದವನು ಅವನೊಬ್ಬನೇ. ಅಕ್ಕನಿಗೆ ನಿಜ ಹೇಳಲು ನನಗಿನ್ನೂ ಧೈರ್ಯ ಬಂದಿಲ್ಲ, ನಾಚಿಕೆಯಾಗುತ್ತದೆ.

ಇವತ್ತು ಮುಚ್ಚಳ ಬಿಗಿಯುವಾಗ ನೋಡಿದರೆ 'ಹೊಟ್ಟೆ' ಅಳಿಸುತ್ತ ಬಂದಿತ್ತು. ಮೊಳೆ ಹುಡುಕಿ ಅವನ ಅಕ್ಷರದ ಮೇಲೇ ಮತ್ತೆ ಗೀಚಿದೆ. ಎರಡಕ್ಕೂ ಹಾಕಿವ್ನಿ ಕಣಣ್ಣ, ಅಂದೆ.

ಗೋಡೆಯಾಚೆಯಿಂದ ಅಕ್ಕ, ಯಾರ ಹತ್ತಿರ ಮಾತಾಡುತ್ತಿದ್ದೀಯ ಅಂತ ಕೇಳಿದಳು.

"ಯಾರೂ ಇಲ್ಲ ಕಣಕ್ಕ," ಅಂದೆ.