ನುಮುಕು ಅನ್ನುವ ಮಾತು

ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಒಗೆದದ್ದನ್ನು ಮಡಚುವ ಮೇಜು ಇರುವುದು ಕಿಟಕಿಯ ಪಕ್ಕ. ಅದರ ಈ ತುದಿಗೆ ಅಕ್ಕ, ಆ ತುದಿಗೆ ತಂಗಿ. ತಲೆ ನೆರೆಯುವವರೆಗೂ ಇಬ್ಬರೂ ಹಾಗೇ ಎದುರುಬದುರು ನಿಂತು ದುಡಿದರು.

ಬೆಡ್‌ಶೀಟನ್ನು ಒಬ್ಬರೇ ಮಡಚಿದರೆ ಅದು ಮುದ್ದೆಯಾಗುತ್ತದೆ. ಇಬ್ಬರು ಮೂಲೆ ಹಿಡಿದು ಕೊಡವಬೇಕು, ಹಿಂದೆ ಸರಿದು ಬಿಗಿಯಾಗಿ ಎಳೆಯಬೇಕು, ಮತ್ತೆ ಹತ್ತಿರ ಬಂದು ಅಂಚಿಗೆ ಅಂಚು ಸೇರಿಸಬೇಕು. ಎಳೆಯುವಾಗ ಹೆಬ್ಬೆರಳು ಬಟ್ಟೆಯ ಮೇಲೆ ಓಡುತ್ತಿರುತ್ತದೆ. ಎಲ್ಲೋ ಒಂದು ಕಡೆ ಬಟ್ಟೆ ಹರಿದಿರುವುದಿಲ್ಲ, ತೆಳ್ಳಗೆ ಕಾಣುವುದೂ ಇಲ್ಲ. ಆದರೂ ಇನ್ನೊಂದು ಸಲ ಒಗೆದರೆ ಬಾಯಿ ಬಿಡುವುದು ಖಂಡಿತ. ಅದು ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ಅದಕ್ಕೆ ಹೆಸರೇ ಇರಲಿಲ್ಲ. ತಂಗಿ ಒಂದು ದಿನ ಬಾಯಿಗೆ ಬಂದ ಹಾಗೆ “ನುಮುಕು” ಅಂದಳು.

“ಏನೇ ಹಾಗಂದ್ರೆ?”

“ನಿನ್ನ ಹೆಬ್ಬೆರಳನ್ನೇ ಕೇಳಕ್ಕಾ.”

ಆ ಮಾತು ಅಂಟಿಕೊಂಡಿತು. ಒಬ್ಬಳು ನುಮುಕು ಅಂದರೆ ಸಾಕು, ಶೀಟು ಹೊಲಿಗೆಯ ಬುಟ್ಟಿಗೆ ಹೋಗುತ್ತಿತ್ತು. ಮನೆಗೂ ಬಂತು ಮಾತು. “ಇವತ್ತು ನಮ್ಮನೆಯವರು ಪೂರಾ ನುಮುಕು, ಮಾತಾಡಿಸ್ಬೇಡಕ್ಕಾ,” ಅನ್ನುತ್ತಿದ್ದಳು ತಂಗಿ. ಅವಳ ಗಂಡ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದ.

ತಂಗಿ ಅದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಆ ವಾರ್ಡಿನ ಒಗೆದ ಬಟ್ಟೆಯ ಗಂಟೂ ಬಂತು. ಬಿಚ್ಚಿದಳು, ಮಡಚಿದಳು. ಮಧ್ಯಾಹ್ನ ಊಟದ ಡಬ್ಬಿ ತೆರೆದು ಉಂಡಳು, ತೊಳೆದಿಟ್ಟಳು. ಕಲ್ಲಾಗಿದ್ದಾಳೆ ಅಂದರು ಜೊತೆಯವರು. ಕಲ್ಲಿಗಾದರೂ ಭಾರ ಇರುತ್ತದೆ, ಇವಳಿಗೆ ಅದೂ ಅನ್ನಿಸುತ್ತಿರಲಿಲ್ಲ.

ಆ ತುದಿಗೆ ಹೊಸಬಳೊಬ್ಬಳು ಬಂದಳು. ಬಾಯಿಗೆ ಬೀಗವೇ ಇಲ್ಲದ ಹೆಂಗಸು. ಅಕ್ಕ ಹೂಂ ಅನ್ನುವುದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿ ಮೇಜಿನ ಹತ್ತಿರ ಬಂದು ನಿಂತ.

“ಏನಮ್ಮಾ, ಹಾಸಿದ ಕೂಡಲೇ ಶೀಟುಗಳು ಹರೀತಿವೆಯಂತೆ. ವಾರ್ಡಿನವರು ನನ್ನ ತಲೆ ತಿಂತಿದಾರೆ. ಕಣ್ಣು ಮುಚ್ಕೊಂಡು ಮಡಚ್ತೀರಾ?”

“ನೋಡ್ತೀನಿ.”

“ಇನ್ನೊಂದು ದೂರು ಬಂದ್ರೂ ನೀವು ನೆನೆಹಾಕೋ ತೊಟ್ಟಿಗೆ. ಇಲ್ಲಿಗೆ ಬೇರೆಯವರನ್ನ ಹಾಕ್ತೀನಿ.”

ತೊಟ್ಟಿಯ ಕೆಲಸಕ್ಕೆ ಅಕ್ಕ ಹೆದರುವವಳಲ್ಲ. ಆದರೆ ತಂಗಿ ನಿಲ್ಲುತ್ತಿದ್ದ ಆ ತುದಿಯನ್ನು ನೋಡುತ್ತಾ ನಿಲ್ಲುವುದೊಂದು ಉಳಿದಿತ್ತು. ಅದೂ ಹೋದರೆ? ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದರ ತಪ್ಪೇನೂ ಇರಲಿಲ್ಲ. ಇಷ್ಟು ದಿನವೂ ಅದು ನಿಲ್ಲಬೇಕಾದ ಕಡೆ ನಿಲ್ಲುತ್ತಲೇ ಇತ್ತು. ಯಾರಿಗೆ ಹೇಳುವುದು ಅಂತ ಇವಳೇ ಶೀಟನ್ನು ಮುಂದೆ ದಾಟಿಸಿಬಿಡುತ್ತಿದ್ದಳು.

ಮುಂದಿನ ಶೀಟು ಎಳೆದಾಗ ಬೆರಳು ನಿಂತಿತು.

“ನುಮುಕು,” ಅಂದಳು.

“ಅಯ್ಯೋ, ನಾನೇನು ಮಾಡಿದೆ ಅಂತ ಬೈತೀರಿ?”

“ಬೈಗುಳ ಅಲ್ಲ.”

“ಮತ್ತೆ? ಏನು ಅರ್ಥ ಅದಕ್ಕೆ?”

ಅಕ್ಕನಿಗೆ ಹೇಳಲು ಬರಲಿಲ್ಲ. ಹರಿದದ್ದಲ್ಲ ಅಂದಳು, ಸವೆದದ್ದೂ ಅಲ್ಲ ಅಂದಳು. ಏನಲ್ಲ ಅನ್ನುವುದು ಬರುತ್ತಿತ್ತು, ಏನು ಅನ್ನುವುದು ಬರುತ್ತಿರಲಿಲ್ಲ. ಕೊನೆಗೆ, “ನಿನ್ನ ಹೆಬ್ಬೆರಳನ್ನೇ ಕೇಳು,” ಅಂದು ಅವಳ ಕೈ ಹಿಡಿದು ಆ ಜಾಗಕ್ಕೆ ಒತ್ತಿದಳು.

“ಗಟ್ಟಿಯಾಗೇ ಇದೆಯಲ್ಲಕ್ಕಾ!” ಹೊಸಬಳು ಇನ್ನೂ ಸ್ವಲ್ಪ ಒತ್ತಿದಳು. ಪರ್ ಅಂತ ಬೆರಳು ಆಚೆ ಬಂತು. “ಸತ್ತೆ! ಮೇಸ್ತ್ರಿ ನನ್ನ ಚರ್ಮ ಸುಲೀತಾನೆ.”

ಅಲ್ಲಿಂದ ಹೊಸಬಳಿಗೆ ಹುಚ್ಚೇ ಹಿಡಿಯಿತು.

“ಅಕ್ಕಾ, ಇದು ನುಮುಕಾ?”

“ಅಲ್ಲ. ಅದು ಸವೆತ.”

“ಇದು?”

“ಅಲ್ಲ ಮಾರಾಯ್ತಿ, ಮುಲಾಮಿನ ಕಲೆ.”

ಆ ‘ಅಲ್ಲ’ ಅಕ್ಕನ ಕಿವಿಗೇ ಹೊಸದಾಗಿತ್ತು. ತಂಗಿಗೆ ಅವಳು ಅಲ್ಲ ಅಂದದ್ದೇ ಇಲ್ಲ, ತಂಗಿಯ ಬೆರಳು ತಪ್ಪುತ್ತಿರಲಿಲ್ಲ. ತಂಗಿ ಹೋದ ಮೇಲೆ ಅಲ್ಲ ಅನ್ನಿಸಿಕೊಳ್ಳಲು ಯಾರೂ ಇರಲಿಲ್ಲ.

ಬಿಸಿಲು ಮೇಜಿನಿಂದ ಇಳಿಯುವ ಹೊತ್ತಿಗೆ ಹೊಸಬಳ ಬೆರಳು ತಾನಾಗಿ ನಿಂತಿತು. ಈ ಸಲ ಅವಳು ಕೇಳಲಿಲ್ಲ. “ಅಕ್ಕಾ, ನುಮುಕು,” ಅಂದಳು.

ಅಕ್ಕ ಮೇಜು ಸುತ್ತಿಕೊಂಡು ಹೋಗಿ ಬೆರಳು ಆಡಿಸಿದಳು. ಹೌದು. ಶೀಟನ್ನು ಬುಟ್ಟಿಗೆ ಹಾಕಿದಳು.

ಸಂಜೆ ಮೇಸ್ತ್ರಿ ತುಂಬಿದ ಬುಟ್ಟಿಯನ್ನು ನೋಡಿದ. “ಇಷ್ಟೊಂದಾ? ಏನಾಗಿದೆ ಇವಕ್ಕೆ?”

“ನುಮುಕು,” ಅಂದಳು ಹೊಸಬಳು.

“ಹಾಗಂದ್ರೆ?”

“ನಿಮ್ಮ ಹೆಬ್ಬೆರಳನ್ನೇ ಕೇಳಿ.”

ಮೇಸ್ತ್ರಿ ಒಂದು ಶೀಟನ್ನು ಹಿಡಿದು ತಿರುಗಿಸಿ ನೋಡಿದ, ಏನೂ ಕಾಣಲಿಲ್ಲ. ಬೆಳಕಿಗೆ ಹಿಡಿದು ಎಳೆದ. ಪರ್ ಅಂತು. “ಸರಿ, ಹೊಲಿಗೆಗೆ ಕಳಿಸಿ,” ಅಂದ. ತೊಟ್ಟಿಯ ಮಾತೆತ್ತದೆ ಹೋದ.

ಹೊಸಬಳು ಬಾಯಿ ಮುಚ್ಚಿಕೊಂಡು ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಇನ್ನೊಂದು ಶೀಟು ಉಳಿದಿತ್ತು. ಈ ತುದಿಯ ಮೂಲೆಗಳನ್ನು ಹಿಡಿದು, ಹೊಸಬಳು ಆ ತುದಿಯನ್ನು ಹಿಡಿಯಲಿ ಅಂತ ಕಾದು ನಿಂತಳು.